ಏಕಾದಶಿಯ ತುತ್ತು

ಹೋಳಿ ಹೊತ್ತಿಗೆ ಮೊಮ್ಮಗನಿಗೆ ಆರು ತಿಂಗಳು ತುಂಬಿತು. ಆ ವಾರವೇ ಸೊಸೆ ಮನೆಗೊಂದು ಹೊಸ ಕಾನೂನು ತಂದಳು: ಕೂಸಿಗೆ ಯಾರೂ ತಿನ್ನಿಸಬಾರದು, ಅದೇ ತನ್ನ ಕೈಯಿಂದ ತಿನ್ನಬೇಕು. ಬೇಯಿಸಿದ ಕುಂಬಳಕಾಯಿ, ಗಜ್ಜರಿ, ಬಾಳೆಹಣ್ಣನ್ನು ಬೆರಳುದ್ದ ಹೆಚ್ಚಿ ಮುಂದಿಡುವುದು, ಕೈ ಕಟ್ಟಿಕೊಂಡು ನೋಡುವುದು, ಇಷ್ಟೇ ನಮ್ಮ ಕೆಲಸ. ನಾಸಿಕ್ ಬಳಿಯ ಓಝರ್‌ನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಮಕ್ಕಳನ್ನೆಲ್ಲ ಕೈತುತ್ತು ಹಾಕಿ ಬೆಳೆಸಿದವಳು ನಾನು. ನೆರೆಮನೆಯ ಹಟಮಾರಿ ಕೂಸುಗಳನ್ನೂ ಉಣ್ಣಿಸಲು ನನ್ನ ಹತ್ತಿರವೇ ತರುತ್ತಿದ್ದರು. ಈಗ ನಾಸಿಕ್‌ನ ಮಗನ ಫ್ಲ್ಯಾಟಿನಲ್ಲಿ ನನಗೆ ಉಳಿದದ್ದು ಕೂಸು ಚೆಲ್ಲಿದ್ದನ್ನು ಒರೆಸುವುದು.

ಅದನ್ನೂ ಸಹಿಸುತ್ತಿದ್ದೆ, ಬೀಗಿತ್ತಿ ಬರದಿದ್ದರೆ. ಸೊಸೆಯ ತಾಯಿ, ಮರಾಠಿಯವರು. ಔರಂಗಾಬಾದಿನ ಚಿಕಲಠಾಣಾದಲ್ಲಿ ಮನೆ; ಈಗಿನ ಸಂಭಾಜಿನಗರಕ್ಕೆ ಆಗಿನ್ನೂ ಹಾಗೆಯೇ ಎನ್ನುತ್ತಿದ್ದೆವು. ಅಲ್ಲಿಂದ ಬಸ್ಸು ಹಿಡಿದು ಅಪರೂಪಕ್ಕೆ ಬರುತ್ತಿದ್ದವರು, ಮೊಮ್ಮಗ ತಿನ್ನತೊಡಗಿದ ಮೇಲೆ ಹದಿನೈದು ದಿನಕ್ಕೊಮ್ಮೆ ಹಾಜರ್.

ನನ್ನ ಜೋಳದ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಇಟ್ಟರೆ ಕೂಸು ಹಿಸುಕಿ, ಕೂದಲಿಗೆ ಬಳಿದುಕೊಂಡು, ಕೆಳಗೆ ಎಸೆಯುತ್ತಿತ್ತು. ಬೀಗಿತ್ತಿ ತಮ್ಮ ಭಾಕರಿಯನ್ನು ಹಾಗೆಯೇ ನೆನೆಸಿಟ್ಟರೆ ಕೈಗೂ ಬಾಯಿಗೂ ಬಿಡುವಿಲ್ಲ. ಅದೇ ಜೋಳ, ಅದೇ ಹಿಟ್ಟಿನ ಡಬ್ಬಿ, ಅದೇ ಹಂಚು! "ಬಾಳಾಲಾ ಆಜೀಚಿ ಭಾಕರಿ ಆವಡತೆ," ಕೂಸಿಗೆ ಅಜ್ಜಿಯ ಭಾಕರಿ ಇಷ್ಟ, ಎಂದು ಅವರು ಹಿಗ್ಗಿದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ನಾನು ಅಜ್ಜಿಯಲ್ಲವೇ?

"ಅವ್ವಾ, ಅವರು ಯಾವಾಗರೆ ಒಮ್ಮೆ ಬರತಾರ. ಕೂಸಿಗೆ ಹೊಸಬ್ರು ಅನಸತದ, ಅಷ್ಟ," ಎಂದ ಮಗ. ದಿನವೂ ಕಣ್ಣ ಮುಂದಿರುವುದೇ ನನ್ನ ತಪ್ಪು ಎಂದ ಹಾಗಾಯಿತು.

ಒಮ್ಮೆ ಸೊಸೆ ಆಫೀಸಿಗೆ ಹೋದಾಗ ಕದ್ದು ತುತ್ತು ಹಾಕಲು ನೋಡಿದೆ. ಕೂಸು ತುಟಿ ಬಿಗಿದು ಮುಖ ತಿರುಗಿಸಿತು. ಕೈತುತ್ತಿನ ಆಸೆ ಅಂದೇ ಬಿಟ್ಟೆ. ಆದರೆ ಬೀಗಿತ್ತಿಯ ಎದುರು ಒಂದು ಸಲವಾದರೂ ಅದು ನನ್ನನ್ನೇ ಆರಿಸಿಕೊಳ್ಳಲಿ ಎಂಬ ಆಸೆ ಬಿಡಲಾಗಲಿಲ್ಲ.

ಆಷಾಢ ಏಕಾದಶಿಗೆ ಬೀಗಿತ್ತಿ ನಮ್ಮಲ್ಲೇ ಇದ್ದರು. ವಿಠ್ಠಲ ಅವರಿಗೂ ದೇವರು, ನಮಗೂ ದೇವರು; ಉಪವಾಸ ಇಬ್ಬರಿಗೂ. ತಾವು ಬರೀ ನೀರು, ಹಾಲಿನ ಮೇಲೆ ಇರುವುದಾಗಿ ಅವರು ಹೇಳಿದರು. ಖಿಚಡಿಗೆಂದು ನೆನೆಹಾಕಿದ್ದ ಸಾಬೂದಾಣಿಯನ್ನು ಸುಮ್ಮನೆ ಫ್ರಿಜ್ಜಿಗೆ ಸೇರಿಸಿ, ನಾನೂ ಹಾಗೆಯೇ ಎಂದುಬಿಟ್ಟೆ.

ಮಧ್ಯಾಹ್ನ ಕೂಸಿನ ಮುಂದೆ ಅವರದೇ ಭಾಕರಿ. ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಎದುರು ಕುಳಿತಿದ್ದೆವು. ತಿನ್ನುತ್ತಿದ್ದ ಕೂಸು ಒದ್ದೆ ತುಣುಕೊಂದನ್ನು ಮುಷ್ಟಿಯಲ್ಲಿ ಹಿಡಿದು ಚಾಚಿತು. ಹಿಂದೆಂದೂ ಯಾರಿಗೂ ಹಾಗೆ ಕೊಟ್ಟಿರಲಿಲ್ಲ. ಮೊದಲು ಚಾಚಿದ್ದು ಅವರ ಕಡೆಗೇ, ಸುಳ್ಳು ಹೇಳಲಾರೆ. ಬೀಗಿತ್ತಿ ನಗುತ್ತ ಮುಖ ಹಿಂದಕ್ಕೆಳೆದುಕೊಂಡು, "ನಕೋ ರೇ ಬಾಳಾ, ಆಜ ಉಪವಾಸ ಆಹೇ," ಬೇಡಪ್ಪಾ, ಇವತ್ತು ಉಪವಾಸ, ಎಂದರು.

ಮುಷ್ಟಿ ನನ್ನ ಕಡೆ ತಿರುಗಿತು. ನಾನು ಬಾಯಿ ತೆರೆದೆ.

ಏಕಾದಶಿಯ ದಿನ, ಜೋಳ, ಎಂಜಲು, ಅದೂ ಬೀಗಿತ್ತಿ ತಟ್ಟಿದ ಭಾಕರಿ. ನುಂಗಿದೆ. "ಅಹೋ, ಉಪವಾಸ ಮೋಡಲಾ ತುಮಚಾ!" ಎಂದು ಅವರು ಗಾಬರಿಯಾದರು.

"ಮುರೀಲಿ ಬಿಡ್ರಿ," ಎಂದೆ ಕನ್ನಡದಲ್ಲೇ. "ವಿಠ್ಠಲಗ ನಾ ಹೇಳ್ಕೋತೀನಿ."

ಕೂಸು ಕಿಲಕಿಲ ನಕ್ಕು ಇನ್ನೊಂದು ತುಣುಕನ್ನು ನನ್ನ ಹಲ್ಲಿಗೆ ಒತ್ತಿತು. ಹೋಳಿಯಿಂದ ಹತ್ತಿದ್ದ ಉರಿ ತಣ್ಣಗಾಯಿತು. ಭಾಕರಿ ಮೆತ್ತಗಿತ್ತು ಎಂದು ಮಾತ್ರ ಇವತ್ತಿಗೂ ನಾನು ಹೇಳುವವಳಲ್ಲ.

ತಟ್ಟೆಯಲ್ಲಿ ಉಳಿದಿದ್ದ ಕೊನೆಯ ತುಣುಕನ್ನು ಅದು ಎತ್ತಿದಾಗ ಬೀಗಿತ್ತಿ ಮುಂದಕ್ಕೆ ಬಾಗಿದರು. ದೇವರ ಪಟದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಬಾಯಿ ತೆರೆದರು. ಕೂಸು ಅವರನ್ನು ನೋಡಿತು, ತುಣುಕನ್ನು ನೋಡಿತು, ತನ್ನ ಬಾಯಿಗೇ ಹಾಕಿಕೊಂಡಿತು.

ಅವರ ಬಾಯಿ ಇನ್ನೂ ತೆರೆದೇ ಇತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ತಿಂಗಳು ಅದನ್ನೇ ಹೊತ್ತು ನಾನು ಆ ಕೂಸಿನ ಮುಂದೆ ಕುಳಿತಿದ್ದೆ. ಅಡುಗೆಮನೆಯ ಬುಟ್ಟಿಯಲ್ಲಿ ಇನ್ನೂ ಒಂದು ಭಾಕರಿ ಇತ್ತು. ನಾನು ಏಳಲಿಲ್ಲ.