ಭಂಡಾರ ಹತ್ತಿದ ಮೇಣ

ಸೊಲ್ಲಾಪುರದ ನಮ್ಮ ಲ್ಯಾಬಿಗೆ ಕ್ಯಾನ್ಸರ್ ಗಡ್ಡೆಯ ಚೂರುಗಳು ಮೇಣದಲ್ಲಿ ಹುದುಗಿ ಬರುತ್ತವೆ. ತಡವಳ ಹಳ್ಳಿಯ ಕುರಿ ಸಾಕುವ ಮನೆಯ ಹಿರಿಯ ಹೆಂಗಸೊಬ್ಬರು, ನಮ್ಮ ಕಡೆಯ ಮಾತಿನಲ್ಲಿ ಮಾವಶಿ, ಗಂಡನ ಮೂತ್ರಕೋಶದ ಗಡ್ಡೆಯ ಚೂರನ್ನು ತಾವೇ ತಂದಿದ್ದರು. ಡಬ್ಬಿ ತೆಗೆದರೆ ಮೇಣದ ತುಂಬ ಬೀರಪ್ಪನ ಗುಡಿಯ ಪ್ರಸಾದದ ಅರಿಶಿಣ, ಭಂಡಾರ. ನನಗೆ ಸಿಟ್ಟು ಬಂತು.

"ಮಾವಶಿ, ಇದಕ್ಕ ನಾವು ಬಣ್ಣ ಹಾಕಿ ನೋಡ್ತೀವ್ರಿ. ಒಂದು ಪ್ರೋಟೀನು ಭಾಳ ಇದ್ರ ಬಣ್ಣ ದಟ್ಟ ಬರ್ತದ. ಹಂಗ ಬಂದ್ರ ಗಡ್ಡಿ ಮತ್ತ ಬೆಳಿಯೋ ಅಂಜಿಕಿ ಹೆಚ್ಚು."

"ಹಂಗಾರ ಬಣ್ಣ ಬರಬಾರದೇನ್ರಿ, ಬಾಯಾರ?"

"ಬರದಿದ್ರ ಚಲೋ."

ಮಾವಶಿ ಅಲ್ಲೇ ಕೂತು ಸೆರಗಿನಿಂದ ಭಂಡಾರ ಒರೆಸತೊಡಗಿದರು. ಮೂಲೆಯದನ್ನೂ ಬಿಡಲಿಲ್ಲ. "ಅರಿಶಿಣದ ಬಣ್ಣದಿಂದ ಏನೂ ಆಗಂಗಿಲ್ರಿ" ಎಂದು ನಾನು ಹೇಳಿದರೂ ಅವರ ಕೈ ನಿಲ್ಲಲಿಲ್ಲ.

"ಭಂಡಾರ ಒರೆಸಿದ್ದಕ್ಕ ಬೀರಪ್ಪಗ ನಾ ಹೇಳ್ಕೋತೀನ್ರಿ."

ಮುಂದಿನ ವಾರ ನೋಡಿದರೆ ಬಣ್ಣ ತೆಳ್ಳಗೇ ಬಂದಿತ್ತು. ವರದಿ ಒಯ್ಯಲು ಬಂದ ಮಾವಶಿಗೆ, ಅಂಜಿಕೆ ಕಡಿಮೆ, ಆದರೂ ತಪಾಸಣೆ ಬಿಡಬೇಡಿ ಎಂದೆ. ಮಾವಶಿ ಚಿಟಿಕೆ ಭಂಡಾರ ತೆಗೆದು, ನನ್ನ ಹಣೆಯ ಹತ್ತಿರ ತಂದು ಕೈ ತಡೆದರು.

"ಇಲ್ಲಿ ಬಣ್ಣ ಬಂದ್ರ ನಡೀತದೇನ್ರಿ?"

ಲ್ಯಾಬಿನಲ್ಲಿ ಚೂರು ಧೂಳು ಕಂಡರೂ ಎಲ್ಲರ ಮೇಲೆ ಹರಿಹಾಯುವ ನಾನು, ಅವತ್ತು ಸಂಜೆತನಕ ಹಳದಿ ಹಣೆಯಲ್ಲೇ ಕೆಲಸ ಮಾಡಿದೆ.