ಅಕ್ಕನ ಫೋಟೋಗಳು ಹೋದ ಮೇಲೆ

ಮೊನ್ನೆ ಹೊಂಗನೂರಿನ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿಯೇ ಇಳಿಸಿದರು. ಆಗತಾನೆ ಕೊಯ್ದ ಸೊಪ್ಪು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮಕ್ಕ ಬಂದು ಪಕ್ಕದಲ್ಲಿ ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ‘ಒಸಿ ಅತ್ಲಾಗೆ ಸರ್ಕೊ’ ಎಂದು ನನ್ನನ್ನು ತಳ್ಳುತ್ತ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಹೀಗೆ ಮೈಕೈ ತುಂಬಿಕೊಂಡು, ಜೋರು ಮಾಡುತ್ತ ಬರತೊಡಗಿದ್ದು ಮಾತ್ರ ಈಚೆಗೆ. ಅದಕ್ಕೆ ಮುಂಚೆ ನೆನಪಿಗೆ ಬರುತ್ತಿದ್ದ ಅಕ್ಕನೇ ಬೇರೆ. ಅದನ್ನು ಹೇಳಬೇಕಾದರೆ ನಿಮಗೆ ನನ್ನ ಫೋನು ಕೆಟ್ಟ ಕಥೆ ಹೇಳಬೇಕು.

ನಾನು ಚನ್ನಪಟ್ಟಣದಲ್ಲಿ ಬಟ್ಟೆ ಹೊಲಿಯುವವಳು. ನನ್ನ ತಲೆಯಲ್ಲಿ ಬ್ಲೌಸಿನ ಅಳತೆ ನಿಲ್ಲುತ್ತದೆಯೇ ಹೊರತು ಫೋನಿನ ವಿದ್ಯೆ ನಿಲ್ಲುವುದಿಲ್ಲ. ಆದರೂ ಒಳ್ಳೆಯ ಕ್ಯಾಮೆರಾದ ಫೋನು ನಮ್ಮವರಲ್ಲಿ ಮೊದಲು ಕೊಂಡವಳು ನಾನೇ ಎಂಬ ಜಂಬವಿತ್ತು. ಅಕ್ಕ ಕಾಯಿಲೆ ಬಿದ್ದ ಮೇಲೆ ಅವಳ ಫೋಟೋ ತೆಗೆದದ್ದೇ ತೆಗೆದದ್ದು. ಮಿಕ್ಕವರೆಲ್ಲ ಇವಳ ಹತ್ತಿರ ಇದೆಯಲ್ಲ ಎಂದು ನಿಶ್ಚಿಂತೆಯಾಗಿದ್ದರು. ಯಾರಾದರೂ ಬಂದರೆ ನಾನು ಬೆರಳಾಡಿಸಿ ತೋರಿಸುವುದು, ಅವರು ಕಣ್ಣೊರೆಸಿಕೊಳ್ಳುವುದು, ಜೊತೆಗೆ ನಾನೂ ಒರೆಸಿಕೊಳ್ಳುವುದು.

ಹೋದ ವರ್ಷ ಚಾರ್ಜಿಗೆ ಹಾಕಿದ ಫೋನು ಮತ್ತೆ ಏಳಲಿಲ್ಲ. ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, ಬೋರ್ಡು ಸುಟ್ಟುಹೋಗಿದೆ, ಒಳಗಿನದೇನೂ ಸಿಗುವುದಿಲ್ಲ ಎಂದರು. ಬ್ಯಾಕಪ್ ಇದೆಯೇ ಎಂದು ಕೇಳಿದರು. ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಹೊಸ ಫೋನಿಗೆ ನನ್ನ ನಂಬರು ಹಾಕಿ ನೋಡಿದರೆ ಗಿರಾಕಿಗಳು ಕಳಿಸಿದ್ದ ಬ್ಲೌಸಿನ ಡಿಸೈನುಗಳೆಲ್ಲ ಬಂದವು, ಅಕ್ಕ ಬರಲಿಲ್ಲ. ರಾಮನಗರದಲ್ಲಿ ತೋರಿಸಿದರೂ ಅದೇ ಮಾತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ನೋಡುವವರ ಪರಿವೆಯಿಲ್ಲದೆ ಅತ್ತೆ. ಅಕ್ಕನನ್ನು ಎರಡನೇ ಸಲ ಕಳಿಸಿಕೊಟ್ಟ ಹಾಗಾಗಿತ್ತು.

ಸುದ್ದಿಯನ್ನು ಭಾವನಿಗೆ ಹೇಳಲೇಬೇಕಲ್ಲ, ಹೊಂಗನೂರಿಗೆ ಹೋದೆ. ಅವರದು ರೇಷ್ಮೆಹುಳ ಸಾಕುವ ಮನೆ. ಕನಕಪುರಕ್ಕೆ ಕೊಟ್ಟಿರುವ ಅಕ್ಕನ ಮಗಳು ಸವಿತ, ಅಂಗನವಾಡಿಗೆ ರಜವೆಂದು ಮಗಳು ಮಾನ್ಯಳನ್ನು ಕರೆದುಕೊಂಡು ಬಂದಿದ್ದಳು. ಮಾನ್ಯ ಅಜ್ಜಿಯನ್ನು ಕಂಡದ್ದು ಮಾತೂ ಬಾರದ ವಯಸ್ಸಿನಲ್ಲಿ. ನಾನು ತಡವರಿಸುತ್ತ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸವಿತ ಸಾರಿಗೆ ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

“ಬೇಜಾರ್ ಮಾಡ್ಕೋಬ್ಯಾಡ ಚಿಕ್ಕಮ್ಮ. ನೀನ್ ಆ ಫೋಟೋ ತೋರ್ಸಿದಾಗೆಲ್ಲ ನಂಗೆ ಆಸ್ಪತ್ರೆ ವಾಸ್ನೆನೇ ಬರದು. ನಮ್ಮವ್ವನ್ ಮೊಖ ಅದಲ್ಲ.”

ಅವಳು ಹೇಳಿದ್ದು ನಿಜವಾಗಿತ್ತು. ಅಕ್ಕ ಗಟ್ಟಿಯಾಗಿ ಓಡಾಡಿಕೊಂಡಿದ್ದಾಗ ಅವಳ ಫೋಟೋ ತೆಗೆಯಬೇಕೆಂದು ಯಾರಿಗೆ ತೋಚಿತ್ತು? ನಾನು ಕೂಡಿಟ್ಟದ್ದೆಲ್ಲ ಮೂಗಿಗೆ ನಳಿಕೆ ಹಾಕಿದ, ಕೂದಲುದುರಿದ ಅಕ್ಕನನ್ನೇ. ಅದನ್ನೇ ದಿನವೂ ನೋಡಿ ನೋಡಿ, ಇಡೀ ಬಾಳು ಬಾಳಿದ ಅಕ್ಕನನ್ನು ಮೂಲೆಗೆ ತಳ್ಳಿಬಿಟ್ಟಿದ್ದೆ.

ಅಷ್ಟರಲ್ಲಿ ಮಾನ್ಯ, ಅಜ್ಜಿ ಹೇಗಿದ್ದಳು ಎಂದು ಕೇಳಿದಳು. ಗೋಡೆಯಲ್ಲಿ ಹಾರ ಹಾಕಿದ ಒಂದು ಫೋಟೋ ಇದೆ, ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅಕ್ಕ ಯಾರ ಮೇಲೋ ದೂರು ಕೊಡಲು ಬಂದವಳಂತಿದ್ದಾಳೆ. ಮಗು ಅದನ್ನು ನೋಡಿ ಒಪ್ಪಲಿಲ್ಲ. ಆಗ ಭಾವ ಗಂಟಲು ಸರಿಮಾಡಿಕೊಂಡರು. ಊಟಕ್ಕೆ ಬಡಿಸಿದರೆ ಸಾಕು ಎನ್ನುವುದಕ್ಕೂ ಕೈಯನ್ನಷ್ಟೇ ಅಡ್ಡ ಹಿಡಿಯುವ ಮನುಷ್ಯ ಅವರು.

“ನಿಮ್ಮಜ್ಜಿ ಹೊಸ್ದಾಗಿ ಬಂದಾಗ ರೇಷ್ಮೆಹುಳ ಕಂಡ್ರೆ ಹೆದ್ರೋಳು ಕಣವ್ವ,” ಎಂದು ಶುರುಮಾಡಿದರು.

ನಮ್ಮ ತವರು ಮಾಗಡಿ ಕಡೆ. ರಾಗಿ, ಅವರೆ ಬಿಟ್ಟರೆ ನಮಗೆ ಬೇರೆ ಗೊತ್ತಿರಲಿಲ್ಲ. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ನಿಂತುಬಿಡುತ್ತದೆ. ಅದಕ್ಕೆ ಹುಳ ಸಾಕುವವರು ಜ್ವರ ಎನ್ನುತ್ತಾರೆ. ಒಂದು ಬೆಳಿಗ್ಗೆ ಅಕ್ಕನ ಅತ್ತೆ, ಹುಳಕ್ಕೆ ಜ್ವರ ಬಂದಿದೆ ಎಂದರಂತೆ. ಅಕ್ಕ ಸೀದಾ ಅಡುಗೆಮನೆಗೆ ಹೋಗಿ, ಮೆಣಸು ಜೀರಿಗೆ ಕುಟ್ಟಿ ಕಷಾಯ ಕಾಯಿಸಿ, ಲೋಟ ಹಿಡಿದು ಬಂದು ನಿಂತಳಂತೆ.

“‘ಅತ್ತೆ, ಇದ್ನ ಹೆಂಗ್ ಕುಡ್ಸದು’ ಅಂದ್ಲು. ತೌರ್‌ಮನೆಯೋರ್ಗೆ ಹೇಳ್ಬ್ಯಾಡಿ ಅಂತ ನನ್ ಕೈಲಿ ಆಣೆ ಹಾಕ್ಸಿದ್ಲು. ಇವತ್ತು ಹೇಳ್ಬುಟ್ಟೆ.”

ಭಾವ ನನ್ನ ಕಡೆ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ನಮಗೆಲ್ಲ ಬುದ್ಧಿ ಹೇಳುತ್ತಿದ್ದ ಅಕ್ಕ ಇಷ್ಟು ಕಾಲ ಇದನ್ನು ಮುಚ್ಚಿಟ್ಟಿದ್ದಳು. ಅಕ್ಕ ಹೋದ ಮೇಲೆ ಅವಳ ಹೆಸರಿನಲ್ಲಿ ಆ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ಆಮೇಲೆ ಸವಿತ ಒಂದು ಹೇಳಿದಳು, ನಾನೊಂದು ಹೇಳಿದೆ. ಸವಿತಳನ್ನು ನೋಡಲು ಗಂಡಿನವರು ಬಂದ ದಿನ ಅಕ್ಕ ಉಟ್ಟಿದ್ದು ಹಸಿರು ಸೀರೆಯೋ ನೀಲಿಯೋ ಎಂದು ಜಗಳವೇ ಆಯಿತು. ಫೋಟೋ ಇದ್ದಾಗ ನಾವು ಸುಮ್ಮನೆ ನೋಡುತ್ತಿದ್ದೆವು. ಅದು ಹೋದ ಮೇಲೆ ಅಕ್ಕನನ್ನು ಕರೆತರಲು ಒಬ್ಬರಿಗೊಬ್ಬರು ಬೇಕಾದೆವು.

ಹಾಗೆಂದು ಹೋದದ್ದೇ ಒಳ್ಳೆಯದಾಯಿತು ಎಂದು ನಾನು ಹೇಳಲಾರೆ. ಒಂದು ಫೋಟೋ ಇತ್ತು, ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅಕ್ಕ ಎಳೆಬಿಸಿಲಿನಲ್ಲಿ ಮಾನ್ಯಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತದ್ದು. ಅದೊಂದಾದರೂ ಉಳಿದಿದ್ದರೆ ಎಂದು ಈಗಲೂ ಕೊರಗುತ್ತೇನೆ. ಮಾನ್ಯ ದೊಡ್ಡವಳಾದ ಮೇಲೆ ಅವಳ ಕೈಗೆ ಕೊಡಬೇಕೆಂದಿದ್ದೆ.

ಮೊನ್ನೆ ಬಸ್ಸಿಳಿದು ಭಾವನ ಮನೆ ಹತ್ತಿರ ಬಂದಾಗ, ಈ ಸಲವೂ ರಜಕ್ಕೆ ಬಂದಿದ್ದ ಮಾನ್ಯ ಜಗಲಿಯ ಮೇಲೆ ಪಕ್ಕದ ಮನೆಯ ಹುಡುಗಿಗೆ ಏನೋ ಹೇಳುತ್ತಿದ್ದಳು.

“ಹುಳಕ್ಕೆಲ್ಲ ಜ್ವರ ಬಂದಿತ್ತಾ, ನಮ್ಮಜ್ಜಿ ಕಷಾಯ ಕುಡ್ಸಿದ್ಲು. ಎಲ್ಲಾ ವಾಸಿ ಆಗೋದ್ವು.”

“ನೀನ್ ನೋಡಿದ್ಯಾ?” ಎಂದಳು ಆ ಹುಡುಗಿ.

“ಹೂಂ. ನಾನೇ ಲೋಟ ಹಿಡ್ಕಂಡಿದ್ದೆ.”

ನಾನು ತಿದ್ದಲು ಹೋಗಲಿಲ್ಲ. ಚಪ್ಪಲಿ ಬಿಟ್ಟು ಅವರಿಬ್ಬರ ಪಕ್ಕದಲ್ಲೇ ಕೂತು, ಆಮೇಲೆ ಅಜ್ಜಿ ಏನು ಮಾಡಿದಳು ಎಂದು ಕೇಳಿದೆ.