ಎಡಗಡೆಯ ಬುಟ್ಟಿ

ಕತ್ತಲೆ ಕೋಣೆಯಲ್ಲಿ ಕೂತು ಮೊಟ್ಟೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು, ಒಳಗೆ ಕಲೆ ಕಂಡದ್ದನ್ನು ಕೆಟ್ಟದ್ದೆಂದು ಎಡಗಡೆಯ ಬುಟ್ಟಿಗೆ ಹಾಕುವುದು ಮೊಟ್ಟೆಯಕ್ಕನ ಇಪ್ಪತ್ತು ವರ್ಷದ ಕೆಲಸ. ಕಲೆ ಕಂಡಿತೋ, ಮುಗಿಯಿತು. ಎರಡನೇ ಸಲ ನೋಡುವ ಜಾಯಮಾನ ಅವಳದ್ದಲ್ಲ.

ಒಂದು ದಿನ ಸ್ನಾನ ಮಾಡುವಾಗ ಅವಳ ಮೊಲೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಆಸ್ಪತ್ರೆಯ ಮಬ್ಬು ಕೋಣೆಯಲ್ಲಿ ಡಾಕ್ಟರಮ್ಮ ಮ್ಯಾಮೊಗ್ರಾಮ್ ಚಿತ್ರ ತೋರಿಸಿದರು. ಬೆಳಗುವ ಪರದೆಯ ಮೇಲೆ ಅವಳ ಮೊಲೆ, ದೀಪಕ್ಕೆ ಹಿಡಿದ ಮೊಟ್ಟೆಯಂತೆ ತೇಲುತ್ತಿತ್ತು. ಒಳಗೊಂದು ದುಂಡನೆಯ ಬಿಳಿ ಕಲೆ.

"ನನ್ನನ್ನೂ ಎಡಗಡೆ ಬುಟ್ಟಿಗೆ ಹಾಕಿಬಿಟ್ರಾ ಡಾಕ್ಟ್ರಮ್ಮಾ?"

"ಯಾವ ಬುಟ್ಟೀನಮ್ಮಾ? ಕಲೆ ಕಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ. ಇದರಲ್ಲಿ ಗೊತ್ತಾಗದಿದ್ರೆ ಇನ್ನೊಂದು ಥರ ನೋಡೋಣ."

ಸ್ಕ್ಯಾನಿಂಗ್ ಮಾಡಿದರು. ಅದು ಬರೀ ನೀರು ತುಂಬಿದ ಗುಳ್ಳೆ, ಭಯಪಡುವಂಥದ್ದೇನಲ್ಲ ಎಂದರು.

ಮಾರನೆಯ ದಿನ ದೀಪದೆದುರು ಕಲೆಯಿದ್ದ ಮೊಟ್ಟೆಯೊಂದು ಬಂತು. ಎಡಕ್ಕೆ ಹೊರಟಿದ್ದ ಕೈ ಅರ್ಧದಲ್ಲೇ ನಿಂತಿತು. ಮೆಲ್ಲಗೆ ತಿರುಗಿಸಿ ನೋಡಿದಳು. ಚಿಪ್ಪಿಗೆ ಅಂಟಿದ ಮಣ್ಣು; ಹೆಬ್ಬೆರಳಿನಿಂದ ಉಜ್ಜಿದರೆ ಹೋಯಿತು.

ಅವಳು ಎಡಗಡೆಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಬೆಳಗ್ಗೆಯಿಂದ ಅದಕ್ಕೆ ಹಾಕಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ದೀಪಕ್ಕೆ ಹಿಡಿಯತೊಡಗಿದಳು.